ತಡವಾಗಿ ಬಂದವರ ವೈದ್ಯೆ

1955ರಲ್ಲಿ ಮದರಾಸಿನ ಯುವ ವೈದ್ಯೆಯೊಬ್ಬರ ಮುಂದೆ ಎರಡು ಕೆಲಸಗಳಿದ್ದವು. ಒಂದು, ಎಗ್ಮೋರಿನ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಹುದ್ದೆ. ಪಬ್ಲಿಕ್ ಸರ್ವೀಸ್ ಕಮಿಷನ್ ಪರೀಕ್ಷೆ ಪಾಸು ಮಾಡಿ ಪಡೆದದ್ದು. ಸಂಬಳ, ಬಡ್ತಿ, ಪಿಂಚಣಿಯ ಭದ್ರತೆ ಇದ್ದದ್ದು. ಇನ್ನೊಂದು, ಹಿಂದಿನ ವರ್ಷವಷ್ಟೇ ಅಡ್ಯಾರಿನಲ್ಲಿ ಬಾಗಿಲು ತೆರೆದಿದ್ದ ಹನ್ನೆರಡು ಹಾಸಿಗೆಯ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ಕೆಲಸವಿತ್ತು, ಸಂಬಳವಿರಲಿಲ್ಲ. ಸ್ತ್ರೀರೋಗ ಮತ್ತು ಪ್ರಸೂತಿ ಶಾಸ್ತ್ರದಲ್ಲಿ ಎಂ.ಡಿ. ಮುಗಿಸಿದ್ದ 28 ವರ್ಷದ ಡಾ. ವಿ. ಶಾಂತಾ ಎರಡನೆಯದನ್ನು ಆರಿಸಿಕೊಂಡರು. ಏಪ್ರಿಲ್ 13ರಂದು ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಸೇರಿದವರು, 2021ರ ಜನವರಿ 19ರಂದು ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯನ್ನು ಬಿಡಲಿಲ್ಲ. ಮೊದಲ ಮೂರು ವರ್ಷ ಗೌರವ ವೈದ್ಯೆಯಾಗಿಯೇ ದುಡಿದರು. ಆಮೇಲೆ ನಿಗದಿಯಾದದ್ದು ತಿಂಗಳಿಗೆ 200 ರೂಪಾಯಿ, ಜೊತೆಗೆ ಆಸ್ಪತ್ರೆಯ ಆವರಣದಲ್ಲೇ ವಾಸ.

ಬಂಧುಗಳಿಗೂ ಸಹಪಾಠಿಗಳಿಗೂ ಇದು ಅರ್ಥವಾಗದ ಆಯ್ಕೆಯಾಗಿತ್ತು. ಓದಿಗೆ ಹೆಸರಾದ ಮನೆತನ ಅವರದು. ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್ ಅವರ ತಾಯಿಯ ತಂದೆಗೆ ತಮ್ಮ. 1983ರಲ್ಲಿ ನೊಬೆಲ್ ಪಡೆದ ಎಸ್. ಚಂದ್ರಶೇಖರ್ ಸೋದರಮಾವ. 1927ರ ಮಾರ್ಚ್ 11ರಂದು ಮೈಲಾಪುರದಲ್ಲಿ ಹುಟ್ಟಿದ ಶಾಂತಾ, ಮದರಾಸು ಮೆಡಿಕಲ್ ಕಾಲೇಜಿನಿಂದ 1949ರಲ್ಲಿ ಎಂ.ಬಿ.ಬಿ.ಎಸ್., 1952ರಲ್ಲಿ ಸ್ತ್ರೀರೋಗದ ಡಿಪ್ಲೊಮಾ ಪಡೆದರು. ಡಾಕ್ಟರಿ ಓದಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಆಗ ಹಿಡಿಯುತ್ತಿದ್ದುದು ಹೆರಿಗೆ, ಬಾಣಂತನಗಳ ಈ ದಾರಿಯನ್ನೇ. ಅದು ಗೌರವದ ದಾರಿ, ಒಂದು ರೀತಿಯಲ್ಲಿ ಸಂತೋಷದ ದಾರಿ ಕೂಡ. ಹೆರಿಗೆ ವಾರ್ಡಿನಿಂದ ಹೆಚ್ಚಿನವರು ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಕ್ಯಾನ್ಸರ್ ವಾರ್ಡಿನಿಂದ ಆ ಕಾಲದಲ್ಲಿ ಮನೆಗೆ ಹೋದವರೇ ಕಡಿಮೆ.

ಆದರೆ ಸ್ತ್ರೀರೋಗ ತಜ್ಞೆಯೊಬ್ಬರು ಕ್ಯಾನ್ಸರ್ ಆಸ್ಪತ್ರೆಗೆ ಹೋದದ್ದರಲ್ಲಿ ವೈದ್ಯಕೀಯವಾಗಿ ವಿಚಿತ್ರವೇನೂ ಇರಲಿಲ್ಲ. ದಕ್ಷಿಣ ಭಾರತದ ಹೆಂಗಸರಲ್ಲಿ ಆಗ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದುದು ಗರ್ಭಕೊರಳಿನ ಕ್ಯಾನ್ಸರ್. ಗರ್ಭಕೋಶವು ಯೋನಿಗೆ ಸೇರುವ ಕಿರಿದಾದ ಕತ್ತಿನ ಭಾಗದಲ್ಲಿ ಹುಟ್ಟುವ ರೋಗ ಅದು. ಹೆರಿಗೆ ಮಾಡಿಸುವ ವೈದ್ಯೆಯ ಕೈಗೆ ದಿನನಿತ್ಯ ಸಿಗುವ ಅಂಗವೇ ಅದು. ಶಾಂತಾ ಅವರ ಅರವತ್ತೈದು ವರ್ಷಗಳ ವೃತ್ತಿಜೀವನವನ್ನು ಹಿಂಬಾಲಿಸಿದರೆ, ಈ ಒಂದು ರೋಗ ನಮ್ಮ ಹೆಂಗಸರನ್ನು ಹೇಗೆ ಕೊಂದಿತು, ಹೇಗೆ ಕಡಿಮೆಯಾಯಿತು, ಕಡಿಮೆಯಾದರೂ ಏಕೆ ತೊಲಗಲಿಲ್ಲ ಎಂಬ ಕಥೆಯೂ ತಿಳಿಯುತ್ತದೆ.

ತಂಗಿಯ ಸಾವು, ಅಕ್ಕನ ಹಟ

ಅಡ್ಯಾರಿನ ಆಸ್ಪತ್ರೆ ಹುಟ್ಟಿದ್ದೇ ಇಂಥ ಒಂದು ಸಾವಿನಿಂದ. ಸತ್ತವರು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ. ರೋಗ ಗುದನಾಳದ ಕ್ಯಾನ್ಸರ್. ಮೊದಲು ನಡೆದದ್ದು ಆಮಶಂಕೆ ಎಂದುಕೊಂಡು ಮಾಡಿದ ಚಿಕಿತ್ಸೆ. ನಿಜವಾದ ಕಾಯಿಲೆ ತಿಳಿಯುವ ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಅಕ್ಕ ಸ್ವತಃ ವೈದ್ಯೆ, 1912ರಲ್ಲೇ ಮದರಾಸು ಮೆಡಿಕಲ್ ಕಾಲೇಜಿನ ಪದವಿ ಪಡೆದವರು. 1927ರಲ್ಲಿ ಮದರಾಸು ವಿಧಾನ ಪರಿಷತ್ತಿನ ಸದಸ್ಯೆಯಾಗಿ, ಅದರ ಉಪಾಧ್ಯಕ್ಷೆಯಾಗಿ, ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಮುತ್ತುಲಕ್ಷ್ಮಿ ಅವರೇ. ಸಮಾಜ ಸುಧಾರಕಿಯಾಗಿ ಅವರನ್ನು ನೆನೆಯುವವರು ಅನೇಕರು ಈ ಇನ್ನೊಂದು ಕೆಲಸವನ್ನು ಮರೆಯುತ್ತಾರೆ. 1935ರಲ್ಲಿ ಮೆಡಿಕಲ್ ಕಾಲೇಜಿನ ಶತಮಾನೋತ್ಸವದಲ್ಲಿ, ಮದರಾಸಿಗೊಂದು ಕ್ಯಾನ್ಸರ್ ಆಸ್ಪತ್ರೆ ಕಟ್ಟುವ ಸಂಕಲ್ಪವನ್ನು ಅವರು ಬಹಿರಂಗವಾಗಿ ಸಾರಿದರು.

ಸಂಕಲ್ಪ ಕೈಗೂಡಲು ಹತ್ತೊಂಬತ್ತು ವರ್ಷ ಹಿಡಿಯಿತು. ಮುಂಬಯಿಯಲ್ಲಿ 1941ರಲ್ಲೇ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಿತ್ತು. ಅದರ ಹಿಂದೆ ಟಾಟಾ ಮನೆತನದ ಹಣವಿತ್ತು. ಮದರಾಸಿನಲ್ಲಿದ್ದುದು ಮಹಿಳೆಯರ ಒಂದು ಸಂಘ. ಸಹಾಯ ಕೇಳಿಕೊಂಡು ಹೋದಾಗ ಅಧಿಕಾರ ಸ್ಥಾನದಲ್ಲಿದ್ದವರಿಂದ ಬಂದ ಉತ್ತರ, ಕ್ಯಾನ್ಸರ್ ಬಂದವರು ಹೇಗೂ ಸಾಯುವವರೇ, ಅವರಿಗೆಂದು ಪ್ರತ್ಯೇಕ ಆಸ್ಪತ್ರೆ ಏಕೆ ಎಂಬ ಅರ್ಥದ್ದು. ಈ ಮಾತನ್ನು ಸಂಸ್ಥೆಯವರು ದಶಕಗಳ ಕಾಲ ನೆನಪಿಟ್ಟುಕೊಂಡಿದ್ದರು. ಅದು ಒಬ್ಬರ ನಿಷ್ಠುರ ಮಾತಷ್ಟೇ ಆಗಿರಲಿಲ್ಲ, ಆ ಕಾಲದ ಬಹುಪಾಲು ವೈದ್ಯರ ನಂಬಿಕೆಯೂ ಹಾಗೆಯೇ ಇತ್ತು. 1949ರಲ್ಲಿ ಮಹಿಳಾ ಭಾರತೀಯ ಸಂಘದ ಹೆಸರಿನಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಆರಂಭಿಸಿ ಚಂದಾ ಎತ್ತಲಾಯಿತು. 1952ರ ಅಕ್ಟೋಬರಿನಲ್ಲಿ ಪ್ರಧಾನಿ ನೆಹರೂ ಶಂಕುಸ್ಥಾಪನೆ ಮಾಡಿದರು. 1954ರ ಜೂನ್ 18ರಂದು ಆಸ್ಪತ್ರೆ ಆರಂಭವಾಯಿತು. ಮುತ್ತುಲಕ್ಷ್ಮಿಯವರ ಮಗ, ಶಸ್ತ್ರವೈದ್ಯ ಡಾ. ಎಸ್. ಕೃಷ್ಣಮೂರ್ತಿ ಅದರ ಹೊಣೆ ಹೊತ್ತರು. ಮರುವರ್ಷ ಶಾಂತಾ ಬಂದಾಗ ಅಲ್ಲಿ ವೈದ್ಯರು ಇಬ್ಬರಾದರು.

ಹೇಳಿಕೊಳ್ಳಲಾಗದ ಕಾಯಿಲೆ

ಗರ್ಭಕೊರಳಿನ ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ. ಅದರ ಅಪಾಯವಿರುವುದೇ ಅಲ್ಲಿ. ಮುಟ್ಟಿನ ನಡುವೆ ಸ್ವಲ್ಪ ರಕ್ತ, ಗಂಡನೊಡನೆ ಕೂಡಿದ ಮೇಲೆ ಸ್ವಲ್ಪ ರಕ್ತ, ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ಕಾಣಿಸಿಕೊಳ್ಳುವ ರಕ್ತ, ವಾಸನೆಯಿರುವ ಬಿಳಿಸೆರಗು - ಇವು ಅದರ ಮೊದಲ ಗುರುತುಗಳು. ಇವುಗಳಲ್ಲಿ ಒಂದನ್ನಾದರೂ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಹೆಂಗಸಿಗೆ ಸುಲಭವೇ? ಅತ್ತೆಗೆ ಹೇಳಿದರೆ ಉಷ್ಣ ಎಂದಾರು. ಗಂಡನಿಗೆ ಹೇಳಿದರೆ ಸಂಶಯ ಬಂದೀತು. ಗಂಡಸು ಡಾಕ್ಟರ ಮುಂದೆ ಪರೀಕ್ಷೆಗೆ ಮಲಗುವ ಮಾತೇ ಇಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಹೀಗೆಲ್ಲ ಆಗುತ್ತದೆ ಎಂಬ ನಂಬಿಕೆಯೂ ಇತ್ತು. ಅದು ಇಂದಿಗೂ ಪೂರ್ತಿ ಹೋಗಿಲ್ಲ.

ಹೀಗೆ ತಿಂಗಳುಗಳು ಕಳೆಯುತ್ತವೆ. ಗೆಡ್ಡೆ ಅಕ್ಕಪಕ್ಕಕ್ಕೆ ಹಬ್ಬಿ ಕಟಿಯ ಗೋಡೆಯನ್ನು ಮುಟ್ಟುತ್ತದೆ. ವೈದ್ಯರು ಇದನ್ನು ಮೂರನೆಯ ಹಂತ ಎನ್ನುತ್ತಾರೆ. ಮೂತ್ರಪಿಂಡದಿಂದ ಬರುವ ನಾಳಗಳು ಒತ್ತಿಕೊಂಡು ಮೂತ್ರ ಕಟ್ಟಿಕೊಳ್ಳುತ್ತದೆ. ಈ ರೋಗದಲ್ಲಿ ಎಷ್ಟೋ ಹೆಂಗಸರು ಕೊನೆಗೆ ಸಾಯುವುದು ಮೂತ್ರಪಿಂಡ ಕೆಟ್ಟು. ನಾಲ್ಕನೆಯ ಹಂತದಲ್ಲಿ ಮೂತ್ರಕೋಶವೋ ಮಲದ ನಾಳವೋ ತೂತಾಗಿ ಸದಾ ಸೋರುತ್ತದೆ. ಆ ವಾಸನೆಗೆ ಮನೆಯವರೇ ದೂರ ಸರಿದು, ರೋಗಿಯನ್ನು ಹಿತ್ತಿಲ ಕೋಣೆಗೆ ಹಾಕುವುದು ಅಪರೂಪವೇನಾಗಿರಲಿಲ್ಲ. ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯುವುದು ಭಾನುವಾರದ ಓದಿಗೆ ಹಿತವಲ್ಲ ನಿಜ. ಆದರೆ ಹಿತವಲ್ಲವೆಂದು ಹೇಳದೆ ಬಿಟ್ಟದ್ದೇ ಇಲ್ಲಿ ಅನರ್ಥಕ್ಕೆ ಅರ್ಧ ಕಾರಣ.

ಅಡ್ಯಾರಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೀಗೆ ತಡವಾಗಿ ಬಂದವರು. ಅವರನ್ನು ಪರೀಕ್ಷಿಸಲು ಹೆಂಗಸು ಡಾಕ್ಟರೊಬ್ಬರು ಇದ್ದದ್ದು, ಅವರು ಸ್ತ್ರೀರೋಗವನ್ನು ಬಲ್ಲವರೂ ಆಗಿದ್ದುದು ಸಣ್ಣ ಸಂಗತಿಯಲ್ಲ.

ರೇಡಿಯಂನಿಂದ ಕೋಬಾಲ್ಟ್‌ಗೆ

ಆ ಹೊತ್ತಿನಲ್ಲಿ ವೈದ್ಯರ ಕೈಯಲ್ಲಿದ್ದ ಆಯುಧಗಳು ಎರಡು. ಮೊದಲನೆಯದು ಶಸ್ತ್ರಕ್ರಿಯೆ. ವಿಯೆನ್ನಾದ ಅರ್ನ್‌ಸ್ಟ್ ವರ್ಟ್‌ಹೈಮ್ 1898ರಲ್ಲಿ ಗರ್ಭಕೋಶವನ್ನು ಸುತ್ತಲಿನ ಅಂಗಾಂಶದೊಡನೆ ತೆಗೆಯುವ ದೊಡ್ಡ ಶಸ್ತ್ರಕ್ರಿಯೆಯನ್ನು ಆರಂಭಿಸಿದ್ದರು. ರೋಗ ಇನ್ನೂ ಕೊರಳಿನಲ್ಲೇ ಇದ್ದಾಗ ಅದು ಗುಣ ಮಾಡಬಲ್ಲದು. ತಡವಾಗಿ ಬಂದವರಿಗೆ ಅದರಿಂದ ಉಪಯೋಗವಿಲ್ಲ. ಎರಡನೆಯದು ವಿಕಿರಣ. ಅದೇ 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂ, ಕೆಲವೇ ವರ್ಷಗಳಲ್ಲಿ ಈ ರೋಗದ ಚಿಕಿತ್ಸೆಗೆ ಬಂತು. ರೇಡಿಯಂ ತುಂಬಿದ ಸಣ್ಣ ಕೊಳವೆಗಳನ್ನು ಗರ್ಭಕೋಶದ ಒಳಗೂ ಕೊರಳಿನ ಪಕ್ಕದಲ್ಲೂ ಇರಿಸಿ, ಲೆಕ್ಕ ಹಾಕಿದಷ್ಟು ಗಂಟೆಗಳ ನಂತರ ತೆಗೆಯುವ ಕ್ರಮ. ಹತ್ತಿರದ ಗೆಡ್ಡೆ ಇದರಿಂದ ಕರಗುತ್ತದೆ. ಆದರೆ ಕಟಿಯ ಗೋಡೆಯವರೆಗೆ ಹಬ್ಬಿದ್ದನ್ನು ಮುಟ್ಟಲು ಹೊರಗಿನಿಂದಲೂ ಕಿರಣ ಹಾಯಿಸಬೇಕು. ಹಳೆಯ ಎಕ್ಸ್-ರೇ ಯಂತ್ರಗಳ ಕಿರಣ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಇಳಿಸಲು ಹೋದರೆ ಚರ್ಮ ಸುಡುತ್ತಿತ್ತು.

ಇದಕ್ಕೆ ಪರಿಹಾರ ಬಂದದ್ದು ಕೆನಡಾದಿಂದ. ಅಣುಸ್ಥಾವರದಲ್ಲಿ ತಯಾರಾಗುವ ಕೋಬಾಲ್ಟ್-60 ಎಂಬ ವಸ್ತುವಿನ ಕಿರಣ ಚರ್ಮವನ್ನು ಅಷ್ಟಾಗಿ ಸುಡದೆ ದೇಹದ ಆಳಕ್ಕೆ ಹೋಗುತ್ತದೆ. ಅದನ್ನು ಬಳಸಿ ಕೆನಡಾದಲ್ಲಿ ಮೊದಲ ರೋಗಿಗಳಿಗೆ ಚಿಕಿತ್ಸೆ ನಡೆದದ್ದು 1951ರಲ್ಲಿ. ಆ ದಶಕ ಮುಗಿಯುವ ಮೊದಲೇ ಅಂಥದೊಂದು ಯಂತ್ರ ಅಡ್ಯಾರಿಗೆ ಬಂತು. ಅದು ಏಷ್ಯಾದಲ್ಲೇ ಮೊದಲನೆಯದೆಂದು ಸಂಸ್ಥೆ ಹೇಳಿಕೊಳ್ಳುತ್ತದೆ. ಗುಡಿಸಲುಗಳ ನಡುವಿನ ಸಣ್ಣ ಆಸ್ಪತ್ರೆಯೊಂದು ದೇಶದ ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗಿಂತ ಮುಂಚೆ ಇದನ್ನು ಪಡೆದದ್ದು ಕೃಷ್ಣಮೂರ್ತಿ ಮತ್ತು ಶಾಂತಾ ಅವರ ಪ್ರಯತ್ನದ ಫಲ. ಇಂದಿಗೂ ನಮ್ಮ ಕಡೆಯ ರೋಗಿಗಳು ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ವಾಸ್ತವದಲ್ಲಿ ಅದರಲ್ಲಿ ಕರೆಂಟೂ ಇಲ್ಲ, ಶಾಕೂ ಇಲ್ಲ, ಕಿರಣ ಹಾಯುವಾಗ ನೋವೂ ಇಲ್ಲ. ಆ ಹೆಸರಿಗೆ ಹೆದರಿಯೇ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು ಮಾತ್ರ ಬೇಕಾದಷ್ಟು ಜನ. ಆರು ಏಳು ವಾರ ಊರುಬಿಟ್ಟು ಆಸ್ಪತ್ರೆಯಲ್ಲಿ ಇರಬೇಕಾದ ಖರ್ಚು ಇನ್ನೊಂದು ಕಾರಣ.

ವಿಕಿರಣ ಮತ್ತು ಔಷಧವನ್ನು ಒಂದರ ಹಿಂದೆ ಒಂದು ಕೊಡುವ ಬದಲು ಜೊತೆಯಾಗಿಯೇ ಕೊಟ್ಟರೆ ಹೇಗೆ ಎಂಬ ಪ್ರಯೋಗವನ್ನು ಅಡ್ಯಾರಿನ ಇಬ್ಬರೂ 1960ರ ದಶಕದಲ್ಲೇ ಬಾಯಿಯ ಕ್ಯಾನ್ಸರಿನಲ್ಲಿ ಮಾಡಿದ್ದರು. ಗರ್ಭಕೊರಳಿನ ಕ್ಯಾನ್ಸರಿಗೂ ಹೀಗೆ ಜೊತೆಯ ಚಿಕಿತ್ಸೆಯೇ ಮೇಲು ಎಂದು ಜಗತ್ತಿನಾದ್ಯಂತ ಒಪ್ಪಿಗೆಯಾದದ್ದು 1999ರಲ್ಲಿ.

ಅಂಚೆ ಕಾರ್ಡಿನ ವಿಜ್ಞಾನ

ಕ್ಯಾನ್ಸರ್ ಗುಣವಾಗುತ್ತದೆ ಎಂದು ಹೇಳಿದರೆ ಸಾಲದು, ತೋರಿಸಬೇಕು. ತೋರಿಸುವುದೆಂದರೆ ಚಿಕಿತ್ಸೆ ಪಡೆದವರು ಐದು ವರ್ಷ, ಹತ್ತು ವರ್ಷದ ನಂತರ ಬದುಕಿದ್ದಾರೆಯೇ ಎಂದು ಲೆಕ್ಕ ಇಡುವುದು. ಇದು ಕೇಳಿದಷ್ಟು ಸುಲಭವಲ್ಲ. ಊರಿಗೆ ಹೋದ ರೋಗಿ ಮತ್ತೆ ಬರದಿದ್ದರೆ, ಗುಣವಾದ್ದರಿಂದ ಬರಲಿಲ್ಲವೋ ಸತ್ತದ್ದರಿಂದ ಬರಲಿಲ್ಲವೋ ತಿಳಿಯುವುದು ಹೇಗೆ? ಅನೇಕ ಆಸ್ಪತ್ರೆಗಳು ಇಲ್ಲಿಯೇ ಸೋತವು. ಅಡ್ಯಾರಿನವರು ಉತ್ತರದ ಅಂಚೆವೆಚ್ಚವನ್ನೂ ತಾವೇ ತೆತ್ತ ಕಾರ್ಡುಗಳನ್ನು ರೋಗಿಗಳ ಊರಿಗೆ ಕಳಿಸಿದರು. ಉತ್ತರ ಬಾರದಿದ್ದರೆ ಸಮಾಜ ಕಾರ್ಯಕರ್ತರು ಮನೆಗೇ ಹೋದರು. ಸಂಸ್ಥೆಯಿಂದ ಬಂದ ಪ್ರಬಂಧಗಳನ್ನು ಹೊರದೇಶಗಳ ತಜ್ಞರು ನಂಬಿದ್ದಕ್ಕೆ ದೊಡ್ಡ ಕಾರಣ ಈ ಕಾರ್ಡುಗಳು ಎನ್ನಬಹುದು.

1981-82ರಲ್ಲಿ ಇದೇ ಬುದ್ಧಿ ಇನ್ನೂ ದೊಡ್ಡ ಕೆಲಸಕ್ಕೆ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ, ಇಡೀ ಊರಿನ ಜನಸಂಖ್ಯೆಯನ್ನು ಆಧರಿಸಿ ರೋಗಿಗಳ ಲೆಕ್ಕ ಇಡಲು ಆಯ್ದದ್ದು ಮುಂಬಯಿ, ಬೆಂಗಳೂರು, ಮದರಾಸು ಈ ಮೂರು ನಗರಗಳನ್ನು. ಬೆಂಗಳೂರಿನ ಹೊಣೆ 1973ರಲ್ಲಿ ಸ್ಥಾಪನೆಯಾಗಿದ್ದ ಕಿದ್ವಾಯಿ ಸ್ಮಾರಕ ಸಂಸ್ಥೆಯದು, ಮದರಾಸಿನದು ಅಡ್ಯಾರಿನದು. ಶಾಂತಾ 1980ರಲ್ಲಿ ಸಂಸ್ಥೆಯ ನಿರ್ದೇಶಕಿಯಾಗಿದ್ದರು. ಇಂಗ್ಲೆಂಡಿನಂಥ ದೇಶಗಳಲ್ಲಿ ರೋಗಿಯ ವಿವರ ತಾನಾಗಿ ನೋಂದಣಿ ಕಚೇರಿಗೆ ಬರುತ್ತದೆ. ನಮ್ಮಲ್ಲಿ ನೋಂದಣಿ ಸಿಬ್ಬಂದಿಯೇ ಆಸ್ಪತ್ರೆಯಿಂದ ಆಸ್ಪತ್ರೆಗೆ, ನರ್ಸಿಂಗ್ ಹೋಮಿನಿಂದ ಲ್ಯಾಬೊರೇಟರಿಗೆ ಅಲೆಯಬೇಕು. ಕಾರ್ಪೊರೇಷನ್ನಿನ ಮರಣ ನೋಂದಣಿ ಪುಸ್ತಕಗಳನ್ನು ತಿರುವಿ ಹಾಕಬೇಕು. ಒಂದೇ ಹೆಸರು ಎರಡು ಕಡೆ ಬಂದಿದ್ದರೆ ಗುರುತಿಸಿ ತೆಗೆಯಬೇಕು.

ಈ ಲೆಕ್ಕದ ಪುಸ್ತಕಗಳಲ್ಲಿ ಒಂದು ಅಚ್ಚರಿ ಮೂಡಿತು. 1980ರ ದಶಕದ ಆರಂಭದಲ್ಲಿ ಮದರಾಸಿನಲ್ಲೂ ಬೆಂಗಳೂರಿನಲ್ಲೂ ಹೆಂಗಸರ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಗರ್ಭಕೊರಳಿನದು. ವರ್ಷ ವರ್ಷಕ್ಕೂ ಅದು ಇಳಿಯುತ್ತ ಹೋಯಿತು. ಮೂರು ದಶಕಗಳಲ್ಲಿ ಮದರಾಸಿನಲ್ಲಿ ಅದರ ಪ್ರಮಾಣ ಮೊದಲಿದ್ದುದರ ಅರ್ಧಕ್ಕಿಂತ ಕೆಳಗೆ ಬಂತು. ಇದಕ್ಕೆ ಯಾವ ಆಸ್ಪತ್ರೆಯೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. ರೋಗ ಬರುವ ಮೊದಲೇ ಪತ್ತೆ ಮಾಡುವ ವ್ಯವಸ್ಥಿತ ತಪಾಸಣೆ ಈ ನಗರಗಳಲ್ಲಿ ಇರಲೇ ಇಲ್ಲ. ತಜ್ಞರು ಕೊಡುವ ಕಾರಣಗಳು ಬೇರೆ: ಹೆಣ್ಣುಮಕ್ಕಳ ಮದುವೆಯ ವಯಸ್ಸು ಮೇಲೇರಿತು, ಹೆರಿಗೆಗಳ ಸಂಖ್ಯೆ ಇಳಿಯಿತು, ಓದು ಹೆಚ್ಚಿತು, ನೀರು ಮತ್ತು ಸ್ನಾನದ ಮನೆಯ ಅನುಕೂಲ ಹೆಚ್ಚಿತು.

ಅದೇ ಪುಸ್ತಕಗಳಲ್ಲಿ ಇನ್ನೊಂದು ಗೆರೆ ಮೇಲೇರುತ್ತಿತ್ತು. ಅದು ಸ್ತನದ ಕ್ಯಾನ್ಸರಿನದು. 2000ದ ನಂತರದ ವರ್ಷಗಳಲ್ಲಿ ಎರಡೂ ನಗರಗಳಲ್ಲಿ ಅದು ಗರ್ಭಕೊರಳಿನ ಕ್ಯಾನ್ಸರನ್ನು ಹಿಂದೆ ಹಾಕಿತು. ವಿಪರ್ಯಾಸವೆಂದರೆ, ಒಂದನ್ನು ಇಳಿಸಿದ ಬದಲಾವಣೆಗಳೇ ಇನ್ನೊಂದನ್ನು ಏರಿಸಿದವು. ತಡವಾಗಿ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಎದೆಹಾಲು ಕುಡಿಸುವ ತಿಂಗಳುಗಳು ಕಡಿಮೆಯಾದದ್ದು, ಮೈತೂಕ ಹೆಚ್ಚಿದ್ದು, ಹೆಂಗಸರು ಹೆಚ್ಚು ವರ್ಷ ಬದುಕುತ್ತಿರುವುದು - ಸ್ತನದ ಕ್ಯಾನ್ಸರಿನ ಸಾಧ್ಯತೆ ಇವೆಲ್ಲದರಿಂದ ಹೆಚ್ಚುತ್ತದೆ. ಹಾಗೆಂದು ಬೇಗ ಮದುವೆಯಾಗಿ ಎಂಟು ಮಕ್ಕಳನ್ನು ಹೆರಬೇಕೆಂದು ಯಾರೂ ಹೇಳಲಾರರು.

ಸ್ತನದ ಗಂಟೂ ಮೊದಲು ನೋಯುವುದಿಲ್ಲ. ನೋಯದ ಗಂಟಿನ ಬಗ್ಗೆ ಹೆಂಗಸರು ಮಾತಾಡುವುದೂ ಇಲ್ಲ. ಅಡ್ಯಾರಿಗೆ ಬಂದವರಲ್ಲಿ ದೊಡ್ಡ ಪಾಲು ಗಂಟು ದೊಡ್ಡದಾಗಿ, ಕಂಕುಳಿಗೆ ಹಬ್ಬಿದ ಮೇಲೆ ಬಂದವರು. ಇಂಥವರಿಗೆ ತಕ್ಷಣ ಕತ್ತರಿ ಹಾಕುವ ಬದಲು, ಮೊದಲು ಔಷಧ ಮತ್ತು ವಿಕಿರಣಗಳನ್ನು ಒಟ್ಟಿಗೆ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಿ, ಆಮೇಲೆ ಶಸ್ತ್ರಕ್ರಿಯೆ ಮಾಡುವ ಕ್ರಮವನ್ನು ಸಂಸ್ಥೆ ಅನುಸರಿಸಿತು. 1990ರಿಂದ 1999ರವರೆಗೆ ಹೀಗೆ ಚಿಕಿತ್ಸೆ ಪಡೆದ ಸಾವಿರಕ್ಕೂ ಹೆಚ್ಚು ಹೆಂಗಸರ ಕಥೆ ಏನಾಯಿತೆಂಬ ಪ್ರಬಂಧ 2008ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಮೊದಲ ಲೇಖಕಿಯಾಗಿ ಅದರ ಮೇಲೆ ಇದ್ದ ಹೆಸರು ಶಾಂತಾ ಅವರದು. ಆಗ ಅವರಿಗೆ ವಯಸ್ಸು 81.

ಪ್ರಶಸ್ತಿಗಳು ಬಂದವು: 1986ರಲ್ಲಿ ಪದ್ಮಶ್ರೀ, 2005ರಲ್ಲಿ ರೇಮನ್ ಮ್ಯಾಗ್ಸೆಸೆ, ಮರುವರ್ಷ ಪದ್ಮಭೂಷಣ, 2016ರಲ್ಲಿ ಪದ್ಮವಿಭೂಷಣ. ಅವರು ಮದುವೆಯಾಗಲಿಲ್ಲ, ಆಸ್ಪತ್ರೆಯ ಆವರಣದ ಕೋಣೆಯನ್ನೂ ಬಿಡಲಿಲ್ಲ. ಹನ್ನೆರಡು ಹಾಸಿಗೆ ನೂರಾರು ಹಾಸಿಗೆಯಾದರೂ, ಕೊಡಬಲ್ಲವರಿಂದ ತೆಗೆದುಕೊಂಡು ಕೊಡಲಾರದವರಿಗೆ ಉಚಿತವಾಗಿಯೋ ರಿಯಾಯಿತಿಯಲ್ಲೋ ನೋಡುವ ಪದ್ಧತಿ ಮುಂದುವರಿಯಿತು. ಪ್ರಶಸ್ತಿಗಳಿಗಿಂತ ವೃತ್ತಿಯ ದೃಷ್ಟಿಯಿಂದ ಮುಖ್ಯವಾದದ್ದು ಬಹುಶಃ 1984. ಕ್ಯಾನ್ಸರ್ ವೈದ್ಯಶಾಸ್ತ್ರದಲ್ಲಿ ಡಿ.ಎಂ., ಎಂ.ಸಿಎಚ್. ಎಂಬ ಉನ್ನತ ಪದವಿಗಳ ಬೋಧನೆ ದೇಶದಲ್ಲಿ ಮೊದಲು ಆರಂಭವಾದದ್ದು ಆ ವರ್ಷ ಅಡ್ಯಾರಿನಲ್ಲಿ. ಅದಕ್ಕೆ ಮೊದಲು ಈ ವಿದ್ಯೆಯನ್ನು ಕಲಿಯಬೇಕೆಂದವರು, ಶಾಂತಾ ಅವರಂತೆಯೇ, ಬೇರೆ ವಿಷಯ ಓದಿ ಬಂದು ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಇಲ್ಲವೇ ಹೊರದೇಶಕ್ಕೆ ಹೋಗಬೇಕಿತ್ತು.

ಒಂದು ಬಟ್ಟಲು ಹುಳಿ ನೀರು

ತಡವಾಗಿ ಬಂದವರಿಗೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಅದಕ್ಕೆ ಮಿತಿಯಿದೆ ಎಂಬುದು ಅಡ್ಯಾರಿನ ವೈದ್ಯರಿಗೆ ಬೇಗನೆ ತಿಳಿದಿತ್ತು. 1960ರ ದಶಕದಲ್ಲೇ ಅವರು ಕಾಂಚೀಪುರಂ ಸುತ್ತಿನ ಹಳ್ಳಿಗಳಿಗೆ ಹೋಗಿ ಬಾಯಿ ಮತ್ತು ಗರ್ಭಕೊರಳಿನ ಪರೀಕ್ಷೆ ನಡೆಸಿದ್ದರು. ಬೇರೆ ಕ್ಯಾನ್ಸರುಗಳಲ್ಲಿ ಅಷ್ಟಾಗಿ ಇಲ್ಲದ ಒಂದು ಅನುಕೂಲ ಗರ್ಭಕೊರಳಿನ ಕ್ಯಾನ್ಸರಿನಲ್ಲಿದೆ. ಜೀವಕೋಶಗಳು ಕೆಡಲು ಆರಂಭವಾಗಿ ಅವು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು, ಹದಿನೈದು ವರ್ಷ ಬೇಕು. ಈ ನಡುವೆ ಯಾವಾಗ ಕಂಡರೂ ಕೆಟ್ಟ ಪದರವನ್ನಷ್ಟೇ ತೆಗೆದು ಹಾಕಬಹುದು. ಗರ್ಭಕೋಶ ಉಳಿಯುತ್ತದೆ, ಹೆಂಗಸು ಅದೇ ದಿನ ಮನೆಗೆ ಹೋಗುತ್ತಾಳೆ.

ಕಾಣುವುದು ಹೇಗೆ? ಗ್ರೀಸ್ ಮೂಲದ ಜಾರ್ಜ್ ಪಾಪನಿಕೊಲಾವ್ 1940ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಪ್ಯಾಪ್ ಪರೀಕ್ಷೆ ಒಂದು ದಾರಿ. ಕೊರಳಿನಿಂದ ಉಜ್ಜಿ ತೆಗೆದ ಕೋಶಗಳನ್ನು ಗಾಜಿನ ಮೇಲೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಶ್ರೀಮಂತ ದೇಶಗಳಲ್ಲಿ ಈ ರೋಗವನ್ನು ಇಳಿಸಿದ್ದು ಇದೇ. ಆದರೆ ಅದಕ್ಕೆ ಲ್ಯಾಬೊರೇಟರಿ ಬೇಕು, ತರಬೇತಾದ ಕಣ್ಣು ಬೇಕು, ಫಲಿತಾಂಶ ಹೇಳಲು ಆಕೆಯನ್ನು ಮತ್ತೆ ಕರೆಸಬೇಕು. ಕೂಲಿ ಬಿಟ್ಟು ಎರಡನೆಯ ಸಲ ಯಾರು ಬಂದಾರು?

ಅದಕ್ಕಿಂತ ಸುಲಭವಾದದ್ದು ವಿನೆಗರಿನ ಪರೀಕ್ಷೆ. ಉಪ್ಪಿನಕಾಯಿಗೆ ಹಾಕುವ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ಶೇಕಡಾ ಮೂರರಿಂದ ಐದರಷ್ಟು ತೆಳುವಾಗಿಸಿ ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಭಾಗವಿದ್ದರೆ ಅದು ಬೆಳ್ಳಗಾಗಿ ಬರಿಗಣ್ಣಿಗೆ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಸಾಕು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಇದು ನಿಜವಾಗಿ ಜೀವ ಉಳಿಸುತ್ತದೆಯೇ ಎಂದು ನೋಡಲು ದೊಡ್ಡ ಪ್ರಯೋಗವೊಂದು ನಡೆಯಿತು. ಅಂಬಿಳಿಕ್ಕೈ ಗ್ರಾಮದ ಆರೋಗ್ಯ ಕೇಂದ್ರ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಜೊತೆಗೆ ಅಡ್ಯಾರಿನ ನೋಂದಣಿ ವಿಭಾಗವೂ ಅದರಲ್ಲಿ ಕೈಜೋಡಿಸಿತ್ತು. ಕೆಲವು ಹಳ್ಳಿಗಳ 30ರಿಂದ 59 ವರ್ಷದ ಸುಮಾರು 49 ಸಾವಿರ ಹೆಂಗಸರನ್ನು ಕರೆದರು. 31 ಸಾವಿರ ಮಂದಿ ಬಂದರು. ಕೆಟ್ಟ ಪದರ ಕಂಡವರಿಗೆ ಸಾಧ್ಯವಾದಲ್ಲೆಲ್ಲ ಅದೇ ಭೇಟಿಯಲ್ಲಿ ಅತಿಶೀತದಿಂದ ಅದನ್ನು ನಾಶ ಮಾಡುವ ಚಿಕಿತ್ಸೆ ಕೊಟ್ಟರು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪರೀಕ್ಷೆಗೆ ಕರೆಯದ ಹಳ್ಳಿಗಳಿಗೆ ಹೋಲಿಸಿದರೆ, ಕರೆದ ಹಳ್ಳಿಗಳಲ್ಲಿ ರೋಗ ಶೇಕಡಾ 25ರಷ್ಟು, ಅದರಿಂದಾದ ಸಾವು ಶೇಕಡಾ 35ರಷ್ಟು ಕಡಿಮೆಯಾಗಿತ್ತು.

ರೋಗದ ಮೂಲ ಕಾರಣವೂ ಈ ನಡುವೆ ತಿಳಿಯಿತು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1983-84ರಲ್ಲಿ, ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸಿನ ಎರಡು ಬಗೆಗಳನ್ನು ಈ ಗೆಡ್ಡೆಗಳಲ್ಲಿ ಕಂಡುಹಿಡಿದರು. 2008ರಲ್ಲಿ ಅದಕ್ಕೆ ನೊಬೆಲ್ ಬಂತು. ದಾಂಪತ್ಯದ ಸಂಪರ್ಕದಿಂದ ಹರಡುವ ಈ ವೈರಸ್ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲದಲ್ಲಿ ತಗಲುತ್ತದೆ, ತಾನಾಗಿ ಹೋಗಿಯೂ ಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಕೇಡು ಮಾಡುತ್ತದೆ. ಆದ್ದರಿಂದ ಈ ರೋಗ ಬಂದವಳ ನಡತೆಯ ಬಗ್ಗೆ ಪಿಸುಗುಡುವವರು ಅಜ್ಞಾನದಿಂದ ಪಿಸುಗುಡುತ್ತಾರೆ ಎನ್ನದೆ ವಿಧಿಯಿಲ್ಲ. 2006ರಿಂದ ಇದಕ್ಕೆ ಲಸಿಕೆ ಇದೆ. ಭಾರತದಲ್ಲಿ ಅದರ ದಾರಿ ಸರಳವಾಗಿರಲಿಲ್ಲ. 2009ರಲ್ಲಿ ಆಂಧ್ರ ಮತ್ತು ಗುಜರಾತಿನಲ್ಲಿ ಆರಂಭವಾದ ಪ್ರಾಯೋಗಿಕ ಯೋಜನೆ ಮರುವರ್ಷವೇ ವಿವಾದದಲ್ಲಿ ನಿಂತಿತು. 2018ರಲ್ಲಿ ಸಿಕ್ಕಿಂ ಶಾಲೆಗಳಲ್ಲಿ ಹುಡುಗಿಯರಿಗೆ ಅದನ್ನು ಹಾಕಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು.

ಲಸಿಕೆ ಇಂದಿನ ಹುಡುಗಿಯರಿಗೆ. ಅವರ ತಾಯಂದಿರಿಗೆ ಉಳಿದಿರುವುದು ತಪಾಸಣೆಯೇ. ಗರ್ಭಕೊರಳಿನ ಕ್ಯಾನ್ಸರ್ ನಗರಗಳಲ್ಲಿ ಇಳಿದಿದ್ದರೂ, ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಅದು ಹೊಸದಾಗಿ ಬಂತು. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು. 30 ವರ್ಷ ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ವಿನೆಗರಿನ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಸೂಚನೆ ಕೊಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಆಗಿದೆಯೇ ಎಂದು 30ರಿಂದ 49 ವರ್ಷದ ಹೆಂಗಸರನ್ನು ಕೇಳಿದರು. ಹೌದು ಎಂದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅಡ್ಯಾರ್ ಇರುವ ತಮಿಳುನಾಡಿನಲ್ಲಿ ನೂರಕ್ಕೆ ಹತ್ತು ಮಂದಿಯ ಹತ್ತಿರ ಬಂದಿದ್ದರು. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ.